ಮಿರ್ಚಿ ತಿಂದ ಬಾತುಕೋಳಿ

ಕಲಬುರಗಿಯಲ್ಲಿ ಯಾರ ಮನೆಗೇ ಹೋಗಿ, ‘ಊಟ ಆಗ್ಯಾದ್ರಿ’ ಅಂತ ಎಷ್ಟೇ ಆಣೆ ಇಟ್ಟು ಹೇಳಿದರೂ ನಂಬುವವರಿಲ್ಲ. ‘ಆಗಿದ್ರ ಆಗ್ಲಿ, ಒಂದು ರೊಟ್ಟಿ ತಿಂದ್ರ ಏನಾಗ್ತದ?’ ಅನ್ನುವಷ್ಟರಲ್ಲಿ ತಾಟು ಮುಂದೆ ಬಂದಿರುತ್ತದೆ. ಒಂದು ಅಂದರೆ ನಮ್ಮಲ್ಲಿ ಮೂರು. ಇದು ಇವತ್ತು ನಿನ್ನೆಯ ಚಟವಲ್ಲ. ಅರಳಗುಂಡಗಿಯಲ್ಲಿ ಶರಣಬಸವೇಶ್ವರರನ್ನು ಹೊಲ ಕಾಯಲು ಕಳಿಸಿದರೆ, ಅವರು ಕವಣೆ ಬೀಸುವುದು ಬಿಟ್ಟು ಹಕ್ಕಿಗಳಿಗೆ ಜೋಳ ತಿನ್ನಲು ಬಿಟ್ಟು, ಮೇಲೆ ಕುಡಿಯಲು ನೀರೂ ಇಟ್ಟರಂತೆ. ರಾಶಿ ಮಾಡುವಾಗ ನೋಡಿದರೆ ಬೆಳೆ ಕಡಿಮೆಯಾಗುವ ಬದಲು ಹೆಚ್ಚೇ ಬಂದಿತ್ತು ಅಂತ ನಮ್ಮ ಕಡೆ ಕೂಸಿಗೂ ಕಥೆ ಗೊತ್ತು. ಅಂಥವರ ದಾಸೋಹದ ಊರಲ್ಲಿ, ಅವರದೇ ಗುಡಿಯ ಹತ್ತಿರದ ಅಪ್ಪನ ಕೆರೆಯಲ್ಲಿ ನಾಲ್ಕಾರು ಬಾತುಕೋಳಿ ತೇಲುತ್ತಿದ್ದರೆ ಅವುಗಳ ಹೊಟ್ಟೆಯ ಗತಿ ಏನಾಗಬೇಡ?

ನಮ್ಮ ದೊಡ್ಡವ್ವ ಸೋಮವಾರ ಗುಡಿಗೆ ಹೋದರೆ ಕೆರೆ ದಂಡೆಗೆ ಹೋಗದೆ ಮನೆಗೆ ಬರುವವಳಲ್ಲ. ಸೆರಗಿನ ಗಂಟಿನಲ್ಲಿ ಬಸ್ಸಿನ ಚಿಲ್ಲರೆ, ಕೈಚೀಲದಲ್ಲಿ ಕಟಿ ರೊಟ್ಟಿ. ನಮ್ಮ ಕಟಿ ರೊಟ್ಟಿಯ ಗಟ್ಟಿತನ ತಿಂದವರಿಗೇ ಗೊತ್ತು. ಹಲ್ಲಿದ್ದವರೇ ಅದರ ಮುಂದೆ ಒಂದು ಕ್ಷಣ ಯೋಚನೆ ಮಾಡುತ್ತಾರೆ, ಹಲ್ಲೇ ಇಲ್ಲದ ಬಾತು ಏನು ಮಾಡೀತು ಅಂತ ನಾನು ನೋಡುತ್ತ ನಿಂತಿದ್ದೆ. ಅದು ತುಂಡನ್ನು ಕೊಕ್ಕಿನ ತುದಿಯಲ್ಲಿ ಹಿಡಿಯಿತು, ನೀರಿನಲ್ಲಿ ಅದ್ದಿತು, ತೆಗೆದು ತಲೆ ಕೊಡವಿತು, ಮತ್ತೆ ಅದ್ದಿತು. ರೊಟ್ಟಿ ಸರಿಯಾಗಿ ನೆನೆದ ಮೇಲೆ ಕತ್ತು ಎತ್ತಿ ಗುಳುಂ. ‘ನೋಡು, ಸಾರಿಲ್ಲ, ಪಲ್ಯ ಇಲ್ಲ, ಆದರೂ ಪಾಪ ಒಂದು ಮಾತು ಅನ್ನಂಗಿಲ್ಲ’ ಅಂದಳು ದೊಡ್ಡವ್ವ. ನನ್ನ ಕಡೆ ನೋಡಿಯೇ ಅಂದಳು.

ಆ ಸಲ ನಮ್ಮ ಜೊತೆ ಬೆಂಗಳೂರಿನ ಹೊಸ ಅಳಿಯನೂ ಇದ್ದ. ಅಳಿಯ ಅಂದ ಮೇಲೆ ದಾರಿಯಲ್ಲಿ ಬಂಡಿಯಿಂದ ಮಿರ್ಚಿ ಭಜಿ ಕಟ್ಟಿಸದೆ ಇರಲು ಆಗುತ್ತದೆಯೇ? ಅವನು ಮೊದಲನೆಯದನ್ನು ಅರ್ಧ ಕಚ್ಚುವಷ್ಟರಲ್ಲಿ ಕಣ್ಣು, ಮೂಗು, ಕಿವಿ ಎಲ್ಲ ಕೆಂಪಾಗಿ, ಉಳಿದರ್ಧವನ್ನು ಯಾರಿಗೂ ಕಾಣದ ಹಾಗೆ ಕೆರೆಗೆ ಬಿಟ್ಟ. ಎಲ್ಲರಿಗೂ ಕಂಡಿತು, ಮುಖ್ಯವಾಗಿ ಬಾತುಗಳಿಗೆ. ಒಂದು ಓಡಿ ಬಂದು ಮೆಣಸಿನಕಾಯಿ ಬೀಜದ ಸಮೇತ ನುಂಗಿತು. ನಾವೆಲ್ಲ ಉಸಿರು ಹಿಡಿದು ನಿಂತೆವು. ಅದು ಕೆಮ್ಮಲಿಲ್ಲ, ನೀರು ಕುಡಿಯಲಿಲ್ಲ, ಅಳಿಯನ ಮುಖವನ್ನೇ ನೋಡುತ್ತ ‘ಇನ್ನೊಂದು?’ ಅನ್ನುವ ಹಾಗೆ ಕ್ವಾಕ್ ಅಂದಿತು. ‘ಇದು ಖರೇ ಕಲಬುರಗಿ ಬಾತ್ ನೋಡ್ರಿ’ ಅಂತ ದಂಡೆಯ ಮೇಲಿದ್ದ ಯಾರೋ ಹೆಮ್ಮೆಪಟ್ಟರು.

ಊರಿನ ಹೆಮ್ಮೆಗೆ ತಣ್ಣೀರು ಎರಚಲು ನನಗೆ ಮನಸ್ಸಿರಲಿಲ್ಲ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನಮ್ಮ ನಾಲಗೆಯ ನರಗಳಿಗೆ ಬೆಂಕಿ ಹಚ್ಚಿದಂತೆ ಹಕ್ಕಿಗಳ ನರಗಳಿಗೆ ಹಚ್ಚುವುದಿಲ್ಲ. ಕಲಬುರಗಿ ಬಾತೇ ಬೇಕಿಲ್ಲ, ಯಾವ ಊರಿನ ಗಿಳಿಗೆ ಬೇಕಾದರೂ ಮೆಣಸಿನಕಾಯಿ ಕೊಡಿ, ಬಾಳೆಹಣ್ಣು ತಿಂದಷ್ಟೇ ಆರಾಮಾಗಿ ತಿನ್ನುತ್ತದೆ. ಗಿಡಕ್ಕೂ ಇದರಿಂದ ಲಾಭ: ಹಕ್ಕಿ ಬೀಜವನ್ನು ಅರೆಯದೆ ನುಂಗಿ ದೂರ ಒಯ್ದು ಹಾಕುತ್ತದೆ. ಆದರೆ ಭಜಿಯ ಎಣ್ಣೆ, ಉಪ್ಪು, ಸೋಡಾ ಮಾತ್ರ ಅದರ ಹೊಟ್ಟೆಗೆ ಒಳ್ಳೆಯದಲ್ಲ. ಇದನ್ನು ಹೇಳಿದ್ದಕ್ಕೆ ದೊಡ್ಡವ್ವ, ‘ಹಂಗಾದ್ರ ಉಳಿದ ಭಜಿ ನೀನೇ ತಿನ್ನು’ ಅಂತ ಪೊಟ್ಟಣ ನನ್ನ ಕೈಗಿಟ್ಟಳು. ನನ್ನ ಹೊಟ್ಟೆಯ ಬಗ್ಗೆ ಯಾರೂ ವಿಚಾರಿಸಲಿಲ್ಲ.

ವಿಷಯ ಅಲ್ಲಿಗೇ ಮುಗಿಯುತ್ತಿತ್ತೇನೋ, ಲಂಡನ್ನಿನಲ್ಲಿರುವ ಅವಳ ಮೊಮ್ಮಗ ವಿಡಿಯೋ ಕಾಲ್ ಮಾಡದಿದ್ದರೆ. ಹಿಂದೆ ಥೇಮ್ಸ್ ನದಿ, ಮುಂದೆ ಬಿಳೀ ಹಂಸಗಳು. ದೊಡ್ಡವ್ವ ಮೊಮ್ಮಗನಿಗೆ ಆರೋಗ್ಯ ಕೇಳುವ ಮೊದಲು ಹಂಸಗಳಿಗೆ ಕೈ ಮುಗಿದಳು.

‘ಅವಕ್ಕ ಏನರ ತಿನ್ಲಿಕ್ಕೆ ಹಾಕ್ದೆಯೇನೋ?’

‘ಬ್ರೆಡ್ ಹಾಕಬಾರದಂತ ಅಜ್ಜಿ. ಹೊಟ್ಟಿ ತುಂಬ್ತದ, ಸತ್ವ ಇಲ್ಲ. ಹೆಚ್ಚಿಗಿ ತಿಂದು ತಿಂದು ಬೆಳಿಯೋ ಮರಿಗಳ ರೆಕ್ಕಿ ತುದಿ ಹೊರಗ ತಿರುವಿ, ಹಾರಲಿಕ್ಕೇ ಬರದಂಗ ಆಗ್ತದ ಅಂತಾರ. ತಿನ್ನದ ಬ್ರೆಡ್ ನೀರಾಗ ಕೊಳೆತು ಪಾಚಿ ಕಟ್ತದ, ಇಲಿ ಬರ್ತಾವ. ಬಟಾಣಿ, ಸಣ್ಣಗ ಹೆಚ್ಚಿದ ಸೊಪ್ಪು, ಕಾಳು ಹಾಕಬಹುದು. ಅದೂ ಸ್ವಲ್ಪ.’

‘ಸ್ವಲ್ಪ’ ಅನ್ನುವುದು ದೊಡ್ಡವ್ವನ ಕಿವಿಗೆ ಬೀಳಲಿಲ್ಲ. ಮೊಮ್ಮಗ ಮುಂದುವರಿಸಿದ: ಅಲ್ಲಿ ಗುರುತು ಹಾಕದ ಹಂಸಗಳ ಮೇಲೆ ರಾಜನಿಗೇ ಹಕ್ಕು. ಪ್ರತಿ ಜುಲೈನಲ್ಲಿ ರಾಜನ ಕಡೆಯವರು ಕೆಂಪು ಅಂಗಿ ತೊಟ್ಟು, ದೋಣಿ ಹತ್ತಿ ಥೇಮ್ಸ್ ನದಿಯಲ್ಲಿ ಹೊರಡುತ್ತಾರೆ. ಹಂಸದ ಮರಿಗಳನ್ನು ಹಿಡಿದು ತೂಕ ಮಾಡಿ, ಅಳತೆ ತೆಗೆದು, ಗಾಯ ಗೀಯ ಇದೆಯೇ ನೋಡಿ, ಕಾಲಿಗೆ ಗುರುತಿನ ಬಳೆ ತೊಡಿಸಿ ಬಿಡುತ್ತಾರೆ.

‘ಅಂದ್ರ ಅಂಗನವಾಡಿ ಇದ್ದಂಗ ಅದ ಅನ್ನು’ ಅಂದಳು ದೊಡ್ಡವ್ವ. ಆಮೇಲೆ ಸ್ವಲ್ಪ ಯೋಚಿಸಿ, ‘ತೂಕ ಮಾಡ್ತಾರ, ಬಳಿ ಹಾಕ್ತಾರ, ಖರೆ. ಊಟಕ್ಕ ಏನ್ ಕೊಡ್ತಾರ?’ ಮೊಮ್ಮಗ ನೆಟ್‌ವರ್ಕ್ ಸರಿ ಇಲ್ಲ ಅಂದ.

ಅಂದಿನಿಂದ ಅವಳಿಗೆ ಹಂಸಕ್ಕೆ ತನ್ನ ಕೈಯಾರೆ ಉಣಿಸುವ ಹುಚ್ಚು ಹತ್ತಿತು. ನಮ್ಮ ಕಡೆಯ ಕೆರೆಗಳಿಗೆ ಥೇಮ್ಸಿನಂಥ ಹಂಸ ಬರುವುದಿಲ್ಲ ಅಂದರೆ ಯಾರು ಕೇಳಬೇಕು? ಆಗಲೇ ಬೀದರಿನ ಬೀಗರ ಮನೆಯಲ್ಲಿ ತೊಟ್ಟಿಲ ಕಾರ್ಯಕ್ರಮ ಬಂತು. ಊರ ಹೊರಗಿನ ಅವರ ತೋಟದಲ್ಲಿ ಕೃಷಿ ಹೊಂಡ ಇದೆ, ಹೊಂಡದ ತುಂಬ ಹೆಬ್ಬಾತುಗಳು. ಬೆಳ್ಳಗೆ, ಎತ್ತರವಾಗಿ, ಕೊಕ್ಕಿನ ಬುಡದಲ್ಲಿ ಕಿತ್ತಳೆ ಬಣ್ಣದ ಗುಬುಟು. ಬೀಗರು ಅವನ್ನು ಸಾಕಿದ್ದು ಚಂದಕ್ಕಲ್ಲ, ಕಾವಲಿಗೆ. ಅಪರಿಚಿತರು ಬೇಲಿ ದಾಟಿದರೆ ನಾಯಿಗಿಂತ ಮೊದಲು ಅವೇ ಒದರುತ್ತವೆ. ರೋಮಿನ ಗುಡ್ಡದ ಮೇಲಿನ ಕೋಟೆಗೆ ರಾತ್ರಿ ಶತ್ರುಗಳು ಹತ್ತಿ ಬಂದಾಗ ನಾಯಿ ಮಲಗಿತ್ತು, ಹೆಬ್ಬಾತು ಎಬ್ಬಿಸಿತು ಅಂತ ಹಳೆಯ ಕಥೆಯೇ ಇದೆ.

ದೊಡ್ಡವ್ವನ ಕಣ್ಣಿಗೆ ಮಾತ್ರ ಅವು ಸಾಕ್ಷಾತ್ ಹಂಸ. ಒಳಗೆ ಹೋಗಿ ಒಂದು ಬಟ್ಟಲು ಹಾಲಿಗೆ ಒಂದು ಬಟ್ಟಲು ನೀರು ಬೆರೆಸಿ ತಂದಳು. ಹಾಲು ಕುಡಿದು ನೀರು ಬಿಡುತ್ತದಲ್ಲ, ಕಣ್ಣಾರೆ ನೋಡಬೇಕು! ‘ನೀ ಬೆರಸೋದು ಯಾಕ, ಗೌಳಿ ಬೆರಸ್ಯಾನಲ್ಲ’ ಅಂತ ಬೀಗಿತಿ ಬಾಗಿಲಿನಿಂದಲೇ ಕೂಗಿದರು. ಹೆಬ್ಬಾತು ಬಟ್ಟಲಿಗೆ ಕೊಕ್ಕು ಹಾಕಿ ಹಾಲು ನೀರು ಎರಡನ್ನೂ ಅಲ್ಲಾಡಿಸಿ, ಎರಡನ್ನೂ ದೊಡ್ಡವ್ವನ ಹೊಸ ಇಳಕಲ್ ಸೀರೆಗೆ ಸಿಡಿಸಿ, ಬಟ್ಟಲನ್ನು ಬೋರಲು ಹಾಕಿತು. ಬೇರೆ ಮಾಡುವ ಕೆಲಸ ಅದಕ್ಕೆ ಬೇಕಿರಲಿಲ್ಲ.

ಬಟ್ಟಲು ಎತ್ತಿಕೊಡು ಅಂತ ಅವಳು ನನಗೆ ಹೇಳಿದಳು. ನಾನು ಬಗ್ಗಿದೆ. ಹಿರಿಯ ಹೆಬ್ಬಾತು ಕತ್ತನ್ನು ನೆಲಕ್ಕೆ ಸಮವಾಗಿ ಚಾಚಿ, ರೆಕ್ಕೆ ಅಗಲಿಸಿ, ‘ಹುಸ್ಸ್’ ಅಂದಿತು. ಆ ಸದ್ದು ಕೇಳಿದ ಮೇಲೆ ನಿಂತವನು ಧೀರ, ನಾನು ಜುಬ್ಬಾ ಹಾಕಿಕೊಂಡಿದ್ದವ. ಓಡಿದೆ. ಓಡಬಾರದಂತೆ, ಅದರ ಕಡೆಗೇ ಮುಖ ಮಾಡಿ ನಿಧಾನ ಹಿಂದೆ ಸರಿಯಬೇಕಂತೆ. ಈ ಜ್ಞಾನ ಬೀಗರ ಬಾಯಿಂದ ಬಂದದ್ದು ನನ್ನ ಒಂದು ಚಪ್ಪಲಿ ಹೊಂಡಕ್ಕೆ ಬಿದ್ದ ಮೇಲೆ, ನಾನು ನೆಲಕ್ಕೆ ಬಿದ್ದ ಮೇಲೆ. ಬೀದರಿನ ಮಣ್ಣು ಎಷ್ಟು ಕೆಂಪು ಅಂತ ಅಲ್ಲಿನ ಕೋಟೆ ಗೋಡೆ ನೋಡಿದವರಿಗೆ ಗೊತ್ತು. ಉಳಿದವರು ನನ್ನ ಜುಬ್ಬಾ ನೋಡಬಹುದು, ಮೂರು ಸಲ ಒಗೆದರೂ ಹಾಗೇ ಇದೆ. ತೊಟ್ಟಿಲ ಫೋಟೋದಲ್ಲಿ ಕೂಸಿಗಿಂತ ನಾನೇ ಎದ್ದು ಕಾಣುತ್ತೇನೆ.

‘ಹಸಿದಿತ್ತು, ಅದಕ್ಕ ಸಿಟ್ಟು ಬಂದದ’ ಅಂತ ದೊಡ್ಡವ್ವ ತೀರ್ಪು ಕೊಟ್ಟಳು.

ಚಳಿಗಾಲದಲ್ಲಿ ಸುರಪುರಕ್ಕೆ ಒಂದು ಮದುವೆಗೆ ಹೋದಾಗ ಹತ್ತಿರದ ಬೋನಾಳ ಕೆರೆ ನೋಡಿ ಬರೋಣ ಅಂತ ಅವಳೇ ಹೊರಟಳು. ಈ ಸಲ ಸಿದ್ಧತೆ ಪಕ್ಕಾ: ಬ್ರೆಡ್ ಇಲ್ಲ, ರೊಟ್ಟಿ ಇಲ್ಲ, ಭಜಿ ಇಲ್ಲ, ಲಂಡನ್ನಿನ ಸೂಚನೆಯಂತೆ ಕಾಳು. ಬಿಳಿಜೋಳದ ಆ ಚೀಲ ಹೊತ್ತವನು ನಾನು. ಯಾದಗಿರಿ ಜಿಲ್ಲೆಯ ಆ ಕೆರೆ ದೊಡ್ಡದು. ಸುರಪುರದ ನಾಯಕರ ಕಾಲದ್ದು, ಆಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬರೂ ಕೈ ಹಚ್ಚಿ ಕಟ್ಟಿಸಿದ್ದು, ಈಗ ಪಕ್ಷಿಧಾಮ. ದೂರದಲ್ಲಿ, ಕೆರೆಯ ನಡುವೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟಿ ಇರುವ ಹೆಬ್ಬಾತುಗಳ ಹಿಂಡು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ನಮ್ಮ ಕಡೆಗೆ ಬರುವ ಜಾತಿ ಅದು.

‘ಹಿಮಾಲಯ ದಾಟಿ ಬಂದಾವಂದ್ರ ಎಷ್ಟು ಹಸಿದಿರಬೇಕು!’ ದೊಡ್ಡವ್ವ ಕೈ ಬೀಸಿದಳು, ‘ಬಾ ಬಾ’ ಅಂದಳು. ಒಂದೂ ತಿರುಗಿ ನೋಡಲಿಲ್ಲ. ಕಾಡಿನ ಹಕ್ಕಿಗೆ ಮನುಷ್ಯರ ಕೈತುತ್ತು ಬೇಕಿಲ್ಲ, ಪಕ್ಷಿಧಾಮದಲ್ಲಿ ಹಾಕುವ ಹಾಗೂ ಇಲ್ಲ ಅಂತ ನಾನು ತಿಳಿಸಿ ಹೇಳುತ್ತಿದ್ದಾಗ, ದನ ಹೊಡೆದುಕೊಂಡು ಹೋಗುತ್ತಿದ್ದ ರೈತನೊಬ್ಬ ನಿಂತ.

‘ಅವು ಹಗಲು ಉಣ್ಣಂಗಿಲ್ಲವ್ವ. ಈಗ ನೀರಾಗ ಕುಂತಾವ, ಕತ್ತಲಾದ್ರ ಹೊಲಕ್ಕ ಬರ್ತಾವ. ನಂದು ಒಂದು ಪಟ್ಟಿ ಕಡ್ಲಿ ಎಳೇದಿದ್ದಾಗೇ ಮೇಯ್ದು ಹೋಗ್ಯಾವ.’

ದೊಡ್ಡವ್ವ ಕೆರೆ ನೋಡಿದಳು, ರೈತನನ್ನು ನೋಡಿದಳು, ನನ್ನ ಹೆಗಲ ಮೇಲಿನ ಚೀಲ ನೋಡಿದಳು. ಚೀಲ ಇಳಿಸಿ ಅವನ ಮುಂದೆ ಇಟ್ಟಳು.

‘ಅವಕ್ಕಂತ ತಂದಿದ್ದೆ. ಅವು ನಿಂದು ತಿಂದಾವ, ನೀ ಅವುಗಳದು ತಿನ್ನು. ಲೆಕ್ಕ ಸರಿ ಹೋಯ್ತು.’

ರೈತ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಜೋಳ ಅಂಗೈಗೆ ಸುರುವಿಕೊಂಡು, ಊದಿ, ಒಂದು ಕಾಳು ಹಲ್ಲಿಗೆ ಹಾಕಿ ಕಚ್ಚಿ ನೋಡಿದ.

‘ಪಟ್ಟಿ ಪೂರಾ ತಿಂದಾವವ್ವ’ ಅಂದ, ‘ಇದು ಅರ್ಧಕ್ಕೂ ಆಗಂಗಿಲ್ಲ.’