‘ಬೇಡ’ ಅನ್ನೋದನ್ನು ಕೇಳಿದ್ದೀರಿ, ‘ಏನು ಬೇಕು’ ಅಂತಲೂ ಕೇಳಿ

2016ರಲ್ಲಿ ನನ್ನ ಎರಡೂ ಊರಿನ ಜನ ಬೀದಿಗಿಳಿದಿದ್ದರು. ಅಕ್ಟೋಬರ್‌ನ ಒಂದು ಭಾನುವಾರ ಬೆಂಗಳೂರಿನಲ್ಲಿ ಜನ ಕೈ ಕೈ ಹಿಡಿದು ಸಾಲಾಗಿ ನಿಂತರು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ 6.7 ಕಿಲೋಮೀಟರ್ ಉಕ್ಕಿನ ಸೇತುವೆ ಬೇಡ ಅಂತ. ಅದೇ ವರ್ಷ ನಾನಿರುವ ಮೆಲ್ಬರ್ನ್‌ನಲ್ಲಿ, ಕಾಲ್ಫೀಲ್ಡ್‌ನಿಂದ ಡ್ಯಾಂಡಿನಾಂಗ್ ಕಡೆಗಿನ ಬಡಾವಣೆಗಳವರು ‘ಸ್ಕೈ ರೈಲ್ ಬೇಡ’ ಅಂತ ಕೂಗುತ್ತಿದ್ದರು. ರೈಲ್ವೆ ಗೇಟುಗಳನ್ನು ತೆಗೆಯೋಕೆ ಹಳಿಯನ್ನೇ ಕಂಬಗಳ ಮೇಲೆ ಏರಿಸುವ ಯೋಜನೆ ಅದು.

ಬೆಂಗಳೂರಿನ ಸೇತುವೆಯನ್ನು 2017ರ ಮಾರ್ಚ್‌ನಲ್ಲಿ ಸರ್ಕಾರ ಕೈಬಿಟ್ಟಿತು. ಮೆಲ್ಬರ್ನ್‌ನಲ್ಲಿ ರೈಲು ಕಂಬದ ಮೇಲೆ ಹತ್ತಿಯೇ ಬಿಟ್ಟಿತು.

ಹಾಗಾದರೆ ಬೆಂಗಳೂರಿನವರು ಗೆದ್ದರು, ಇಲ್ಲಿಯವರು ಸೋತರು ಅಲ್ವಾ? ನಾನೂ ಆಗ ಹಾಗೇ ಅಂದುಕೊಂಡಿದ್ದೆ.

ಮೆಲ್ಬರ್ನ್‌ನ ಈ ರೈಲು ಮಾರ್ಗದಲ್ಲಿ 9 ರೈಲ್ವೆ ಗೇಟುಗಳಿದ್ದವು. ಕ್ಲೇಟನ್‌ನ ಗೇಟಿನಿಂದ ಸ್ವಲ್ಪ ದೂರದಲ್ಲೇ ದೊಡ್ಡ ಆಸ್ಪತ್ರೆ. ಗೇಟು ಬಿದ್ದರೆ ಆಂಬುಲೆನ್ಸ್ ಕೂಡ ನಿಲ್ಲಬೇಕು. ಗೇಟುಗಳು ಹೋಗಲಿ ಅನ್ನೋದಕ್ಕೆ ಹೆಚ್ಚಿನವರ ತಕರಾರೇನೂ ಇರಲಿಲ್ಲ. ಹಳಿ ನೆಲದ ಕೆಳಗೆ ಹೋಗುತ್ತೆ ಅಂದುಕೊಂಡಿದ್ದವರಿಗೆ, ಅದು ತಲೆ ಮೇಲೆ ಬರುತ್ತೆ ಅಂತ ಗೊತ್ತಾದದ್ದು ತಡವಾಗಿ. ಹಿತ್ತಲಿನ ಬೇಲಿಗೆ ಅಂಟಿಕೊಂಡಂತೆ ಮೇಲೆ ರೈಲು ಓಡುತ್ತೆ ಅಂದರೆ ಯಾರಿಗೆ ಸಿಟ್ಟು ಬರಲ್ಲ? ಆ ಸಿಟ್ಟು ನ್ಯಾಯವಾದದ್ದೇ. ಪಕ್ಕದ ಕೆಲವು ಮನೆಗಳನ್ನು, ಮಾಲೀಕರು ಒಪ್ಪಿದರೆ, ತಾನೇ ಕೊಳ್ಳುತ್ತೇನೆ ಅಂತ ಸರ್ಕಾರ ಮುಂದೆ ಬಂತು. ಆದರೆ ಮುಖ್ಯ ತೀರ್ಮಾನ ಬದಲಾಗಲಿಲ್ಲ. ಅದರಲ್ಲಿ ಇಲ್ಲಿಯ ಸರ್ಕಾರ ತಪ್ಪು ಮಾಡಿತು ಅಂತಲೇ ಈಗಲೂ ನನ್ನ ಅಭಿಪ್ರಾಯ.

ನಾನು ಬರೆಯಲು ಕೂತದ್ದು ಅದಾದ ಮೇಲಿನ ವಿಷಯ. ಹಳಿ ಮೇಲೆ ಹೋದಾಗ ಕೆಳಗೆ ನೆಲ ಖಾಲಿಯಾಯಿತು. 22.5 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಸುಮಾರು 55 ಎಕರೆ. ಅಲ್ಲಿ ಏನಿರಬೇಕು ಅಂತ ಜನರನ್ನು ಕೇಳಿದರು. ನಾನೂ ಒಂದು ಸಂಜೆ ಹೋಗಿದ್ದೆ. ವೇದಿಕೆ ಇಲ್ಲ, ಮೈಕ್ ಇಲ್ಲ. ಉದ್ದದ ಮೇಜಿನ ಮೇಲೆ ನಕ್ಷೆ ಹಾಸಿದ್ದರು, ಪಕ್ಕದಲ್ಲಿ ಬಣ್ಣದ ಚೀಟಿಗಳು. ಗಾಲಿಯ ಊರುಗೋಲು ತಳ್ಳಿಕೊಂಡು ಬಂದ ಒಬ್ಬ ಅಜ್ಜಿ ತಮ್ಮ ಮನೆಯ ಬೀದಿಯಿಂದ ನಿಲ್ದಾಣದವರೆಗೆ ನಕ್ಷೆಯ ಮೇಲೆ ಬೆರಳು ಎಳೆದರು. ‘ಇಷ್ಟು ದೂರ ಒಂದೇ ಉಸಿರಿಗೆ ನಡೆಯೋಕೆ ನನ್ನಿಂದ ಆಗಲ್ಲ, ಮಧ್ಯೆ ಕೂರಬೇಕು’ ಅಂದರು. ಮೇಜಿನ ಆಚೆ ಇದ್ದ ಹುಡುಗಿ ‘ಪರಿಶೀಲಿಸುತ್ತೇವೆ’ ಅನ್ನಲಿಲ್ಲ. ‘ಎಲ್ಲೆಲ್ಲಿ ಕೂರ್ತೀರಿ, ತೋರಿಸಿ’ ಅಂದಳು. ಅಜ್ಜಿ ಮೂರು ಕಡೆ ಚೀಟಿ ಅಂಟಿಸಿದರು. ಚಳಿಗಾಲದಲ್ಲಿ ಸಂಜೆ ಆರಕ್ಕೇ ಕತ್ತಲಾಗುತ್ತೆ, ದಾರಿಗೆ ದೀಪ ಜಾಸ್ತಿ ಬೇಕು ಅಂತ ನಾನು ಬರೆದೆ.

ಕೆಲವು ತಿಂಗಳಾದ ಮೇಲೆ ಒಂದು ವರದಿ ಬಂತು. ನೀವು ಕೇಳಿದ್ದೇನು, ಅದರಲ್ಲಿ ಮಾಡುವುದೇನು, ಆಗದೇ ಇರುವುದೇನು, ಯಾಕೆ ಆಗಲ್ಲ. ಆ ಕೊನೆಯ ಭಾಗ ನನಗೆ ತುಂಬಾ ಹಿಡಿಸಿತು. ಆಗಲ್ಲ ಅಂತ ಕಾರಣ ಕೊಟ್ಟು ಹೇಳಿದರೆ ಜನ ಕೇಳುತ್ತಾರೆ. ಉತ್ತರವೇ ಬರದಿದ್ದರೆ ಮುಂದಿನ ಸಲ ಯಾರೂ ಬರಲ್ಲ.

2018ರಲ್ಲಿ 5 ಹೊಸ ನಿಲ್ದಾಣಗಳು ತೆರೆದವು. ಈಗ ಕಂಬಗಳ ಕೆಳಗೆ ಟೇಬಲ್ ಟೆನಿಸ್ ಮೇಜು, ಬ್ಯಾಸ್ಕೆಟ್‌ಬಾಲ್ ಅಂಗಳ, ವ್ಯಾಯಾಮದ ಸಲಕರಣೆಗಳಿವೆ. ನಡೆಯುವವರಿಗೂ ಸೈಕಲ್‌ನವರಿಗೂ ಒಂದು ದಾರಿ ಇದೆ. ಅದರ ಹೆಸರು ‘ಜೆರಿಂಗ್’. ಈ ನೆಲದ ಮೂಲ ಜನರ ಮಾತಿನಲ್ಲಿ ‘ಒಟ್ಟಾಗಿ’ ಅಂತ ಅರ್ಥ.

ಬೆಂಗಳೂರಿನಲ್ಲಿ ಜನ ಮಾತಾಡುವುದಿಲ್ಲ ಅಂತಲ್ಲ. 2009ರಲ್ಲಿ ಮೆಟ್ರೋಗಾಗಿ ಕಡಿಯಲು ಹೊರಟಿದ್ದ ಜಯನಗರದ ನಂದಾ ರಸ್ತೆಯ ಮರಗಳಿಗಾಗಿ ಜನ ಎಷ್ಟು ಗಟ್ಟಿಯಾಗಿ ನಿಂತರು! ಆದರೆ ನಮ್ಮಲ್ಲಿ ಜನರ ಮಾತಿಗೆ ಸರ್ಕಾರ ಹೆಚ್ಚಾಗಿ ಇಡುವ ಹೆಸರು ಎರಡು: ಆಕ್ಷೇಪಣೆ, ಅಹವಾಲು. 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ‘ಆಕ್ಷೇಪಣೆ’ ಕರೆಯಬೇಕು ಅಂತ ಕಾನೂನೇ ಇದೆ. ಒಳ್ಳೆಯದೇ. ಆದರೆ ಆಕ್ಷೇಪಣೆ ಅಂದರೆ ಬೇಡ ಅನ್ನುವುದು. ಅಹವಾಲು ಅಂದರೆ ಕೈ ಮುಗಿದು ಕೇಳಿಕೊಳ್ಳುವುದು. ದಿನಾ ಓಡಾಡುವವನಾಗಿ ನನಗೆ ಗೊತ್ತಿರುವುದನ್ನು ಹೇಳುತ್ತೇನೆ, ಬರೆದುಕೊಳ್ಳಿ ಅನ್ನೋದಕ್ಕೆ ಆ ಎರಡು ಹೆಸರುಗಳಲ್ಲಿ ಜಾಗವೇ ಇಲ್ಲ.

ಮೆಟ್ರೋ ಕೆಳಗಿನ ಜಾಗವನ್ನು ಚೆನ್ನಾಗಿ ಮಾಡೋಕೆ ನಮಗೂ ಬರುತ್ತೆ. ಮೆಟ್ರೋಗಾಗಿ ಎಂ.ಜಿ. ರಸ್ತೆಯ ಹಳೆಯ ಬೊಲೆವಾರ್ಡ್, ಅಂದರೆ ಮರಗಳ ನೆರಳಿನ ನಡೆದಾರಿ, ಹೋದ ನೋವು ಇದ್ದೇ ಇದೆ. ಆದರೂ ಅಲ್ಲೇ ‘ರಂಗೋಲಿ’ ಅಂತ ಕಲಾ ಕೇಂದ್ರ ಬಂತು, ಜನ ಬಂದು ಕೂರುತ್ತಾರೆ. ಉಳಿದ ಎಷ್ಟೋ ಮೆಟ್ರೋ ನಿಲ್ದಾಣಗಳಲ್ಲಿ ಮೆಟ್ಟಿಲು ಇಳಿದ ಕೂಡಲೇ ಆಟೋ, ಬೈಕು, ಒಡೆದ ಚಪ್ಪಡಿ. ಕೆಲಸ ಶುರುವಾಗುವ ಮುಂಚೆ ಒಂದು ನಕ್ಷೆ ಹಾಸಿ, ಹೂ ಮಾರುವವರನ್ನು, ಆಟೋದವರನ್ನು, ಶಾಲೆ ಮಕ್ಕಳನ್ನು ‘ನೀವು ಎಲ್ಲಿ ನಿಲ್ತೀರಿ, ಎಲ್ಲಿ ದಾಟ್ತೀರಿ’ ಅಂತ ಕೇಳೋಕೆ ಎಷ್ಟು ಖರ್ಚಾಗುತ್ತೆ?

ಹೋದ ವಾರ ಅಮ್ಮನಿಗೆ ಫೋನ್ ಮಾಡಿದಾಗ ಕೇಳಿದೆ, ‘ನಿಮ್ಮ ಸ್ಟೇಷನ್ ಹತ್ರ ಏನು ಬೇಕಮ್ಮ?’

‘ನನ್ನನ್ನ ಯಾರು ಕೇಳ್ತಾರೋ?’ ಅಂದಳು.

‘ನಾನು ಕೇಳ್ತಿದ್ದೀನಲ್ಲ.’

ಸ್ವಲ್ಪ ಹೊತ್ತು ಯೋಚಿಸಿದಳು. ‘ಬಸ್ ಬರೋ ತನಕ ಕೂರೋಕೆ ಒಂದು ಕಟ್ಟೆ.’ ಮಾರನೇ ದಿನ ಬೆಳಿಗ್ಗೆ ಅವಳೇ ಫೋನ್ ಮಾಡಿದಳು. ‘ಆ ಕಟ್ಟೆಗೆ ನೆರಳಿರಲಿ. ಜಾಸ್ತಿ ಎತ್ತರ ಬೇಡ, ನನಗೆ ಮಂಡಿ ನೋವು. ಕೂತಲ್ಲಿಂದಲೇ ಬಸ್ಸಿನ ನಂಬರ್ ಕಾಣಬೇಕು. ಬರ್ಕೊಂಡ್ಯಾ?’