ಹೊಣೆ ಹನ್ನೊಂದು ಜನರದ್ದು, ಪಾಸ್‌ವರ್ಡ್ ಒಬ್ಬನದ್ದು

ನಮ್ಮ ವೆಬ್‌ಸೈಟು, ಇಮೇಲಿನ ಸರ್ವರನ್ನು ನಾವೇ ನಡೆಸೋಣ ಎಂದು ಠರಾವು ಪಾಸು ಮಾಡದ ಬಳಗವಿಲ್ಲ. ಚಪ್ಪಾಳೆ ನಿಲ್ಲುವಷ್ಟರಲ್ಲಿ ಹನ್ನೊಂದು ಜನರ ತಾಂತ್ರಿಕ ಸಮಿತಿ ರೆಡಿ: ಸಂಚಾಲಕರು, ಸಹಸಂಚಾಲಕರು, ಸಲಹೆಗಾರರು, ಸಲಹೆಗಾರರಿಗೊಬ್ಬ ಮಾರ್ಗದರ್ಶಕರು. ಎಲ್ಲರೂ ಪಲ್ಲಕ್ಕಿ ಏರಿದ ಮೇಲೆ ಹೊರಲು ಒಬ್ಬ ಉಳಿದಿರುತ್ತಾನೆ. ಸರ್ವರಿನ ಸರ್ವಾಧಿಕಾರ ಕೊಡುವ ರೂಟ್ ಪಾಸ್‌ವರ್ಡ್ ಅವನ ತಲೆಯಲ್ಲಿ. ಡೊಮೇನ್, ಅಂದರೆ ಬಳಗದ ವೆಬ್ ವಿಳಾಸದ ಹೆಸರು, ನೋಂದಣಿಯಾಗಿರುವುದು ಅವನ ಹಳೇ ಇಮೇಲಿನಲ್ಲಿ. ಬಾಡಿಗೆ ಅವನ ಕಾರ್ಡಿನಿಂದ, ಓಟಿಪಿ ಅವನ ಮೊಬೈಲಿಗೆ. ಅವನಿಗೆ ಜ್ವರ ಬರುವಂತಿಲ್ಲ, ಮೊಬೈಲ್ ನೀರಿಗೆ ಬೀಳುವಂತಿಲ್ಲ. ವಾರ್ಷಿಕ ವರದಿಯಲ್ಲಿ ಈ ವ್ಯವಸ್ಥೆಯ ಹೆಸರು ವಿಕೇಂದ್ರೀಕರಣ.

ಮೊದಲು ಮುಗ್ಗರಿಸುವುದು ಸರ್ಟಿಫಿಕೇಟು, ಸೈಟು ಅಸಲಿ ಎಂದು ಬ್ರೌಸರಿಗೆ ಸಾರುವ ಚೀಟಿ. ಅದನ್ನು ಉಚಿತವಾಗಿ ಹಂಚುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಕೊಟ್ಟ 90 ದಿನದ ಸರ್ಟಿಫಿಕೇಟನ್ನು ಸರ್ಟ್‌ಬಾಟ್ ಎಂಬ ತಂತ್ರಾಂಶ 30 ದಿನ ಉಳಿದಿರುವಾಗಲೇ ತಾನಾಗಿ ನವೀಕರಿಸುತ್ತದೆ. ಆದರೆ ಸಹಸಂಚಾಲಕರು ಭದ್ರತೆಯ ಬಗ್ಗೆ ಭಾಷಣ ಕೇಳಿ ಬಂದ ಹುರುಪಿನಲ್ಲಿ ಫೈರ್‌ವಾಲ್‌ನಲ್ಲಿ, ಅಂದರೆ ಸರ್ವರಿನ ಕಾವಲುಗೋಡೆಯಲ್ಲಿ, 80ನೇ ಪೋರ್ಟ್ ಎಂಬ ಬಾಗಿಲು ಮುಚ್ಚಿಸಿದ್ದಾರೆ. ನವೀಕರಣಕ್ಕೂ ಮುನ್ನ ಡೊಮೇನ್ ನಮ್ಮದೇ ಹೌದೇ ಎಂದು ಎಚ್‌ಟಿಟಿಪಿ ಮೂಲಕ ನಡೆಯುವ ಪರಿಶೀಲನೆ ಬರುವುದು ಅದೇ ಬಾಗಿಲಿಗೆ. ನವೀಕರಣ ದಿನಕ್ಕೆರಡು ಸಲ ವಿಫಲ, ದಿನಕ್ಕೆರಡು ಸಲ ಲಾಗ್‌ನಲ್ಲಿ, ಅಂದರೆ ಸರ್ವರಿನ ದಿನಚರಿಯಲ್ಲಿ, ದಾಖಲು. ಲಾಗ್ ಓದುವುದು ಯಾರ ಖಾತೆಗೂ ಸೇರಿಲ್ಲ. ಅವಧಿ ಮುಗಿಯುವ ಮುನ್ನ ಇಮೇಲ್ ಬರುತ್ತದಲ್ಲ ಎಂದು ಸಮಿತಿ ನೆಮ್ಮದಿಯಾಗಿದೆ; ಆ ಇಮೇಲ್ ಸೇವೆ ನಿಂತದ್ದು 2025ರ ಜೂನ್‌ನಲ್ಲಿ. ಇನ್ನು ಕೆಲವೆಡೆ ಹೊಸ ಸರ್ಟಿಫಿಕೇಟ್ ಡಿಸ್ಕಿಗೆ ಬಂದು ಕೂತಿರುತ್ತದೆ, ಸೈಟಿನ ಪುಟಗಳನ್ನು ಬಡಿಸುವ ಎಂಜಿನ್‌ಎಕ್ಸ್ ತಂತ್ರಾಂಶಕ್ಕೆ ರೀಲೋಡ್, ಅಂದರೆ ಹೊಸದನ್ನು ಓದಿಕೋ, ಎಂದು ಹೇಳುವವರಿಲ್ಲದೆ ಹಳೆಯದೇ ಓಡುತ್ತಿರುತ್ತದೆ.

ಬ್ಯಾಕಪ್ ಇದೆಯೇ ಎಂದು ಕೇಳಿ ನೋಡಿ, ಎಲ್ಲರೂ ಒಂದೇ ದನಿಯಲ್ಲಿ "ಇದೆ". ಎಲ್ಲಿ? ಅದೇ ಡಿಸ್ಕಿನಲ್ಲಿ. ರಾತ್ರಿಗೊಂದು ನಕಲು ಪೇರಿಸಿ ಡಿಸ್ಕ್ ತುಂಬುತ್ತದೆ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಬರೆಯಲು ಜಾಗ ಸಿಗದೆ ನಿಲ್ಲುತ್ತದೆ. ಡೇಟಾ ಕಾಯಬೇಕಿದ್ದ ಬ್ಯಾಕಪ್ಪೇ ಡೇಟಾಬೇಸಿನ ಕತ್ತು ಹಿಸುಕಿರುತ್ತದೆ. ಸಂಬಳ ಕೊಟ್ಟು ಇಂಜಿನಿಯರುಗಳನ್ನು ಇಟ್ಟುಕೊಂಡವರ ಪಾಡೂ ಅಷ್ಟಕ್ಕಷ್ಟೇ ಅನ್ನಿ. 2017ರ ಜನವರಿ 31ರಂದು ಕೋಡ್ ಇಡಲು ಜಾಗ ಕೊಡುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಮೀಸಲು ಸರ್ವರ್ ಎಂದುಕೊಂಡು ಮುಖ್ಯ ಸರ್ವರಿನ ಡೇಟಾಬೇಸನ್ನೇ ಅಳಿಸಿದರು. ಡೇಟಾಬೇಸ್ 9.6 ಆವೃತ್ತಿಯದು, ನಕಲು ತೆಗೆಯುವ ಪಿಜಿ ಡಂಪ್ ತಂತ್ರಾಂಶ ಹಳೆಯ 9.2 ಆವೃತ್ತಿಯದು, ಹಾಗಾಗಿ ನಕಲೇ ಆಗುತ್ತಿರಲಿಲ್ಲ. ವಿಫಲವಾಯಿತೆಂಬ ಇಮೇಲುಗಳೂ ದಾರಿಯಲ್ಲೇ ತಿರಸ್ಕೃತ. ಯಾರೋ ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿಟ್ಟ ಸ್ನ್ಯಾಪ್‌ಶಾಟ್ (ಆ ಕ್ಷಣದ ನಕಲು) ಮಾನ ಉಳಿಸಿತು.

ಪರಿಹಾರವನ್ನು ಸಭೆಯಲ್ಲಿ ಹೇಳಿ ನೋಡಿ. ಮೂವರಿಗೆ ಅವರವರದೇ ಖಾತೆ, ಅವರವರದೇ ಎಸ್‌ಎಸ್‌ಎಚ್ ಕೀ, ಅಂದರೆ ದೂರದಿಂದ ಸರ್ವರ್ ಒಳಹೊಗುವ ಡಿಜಿಟಲ್ ಬೀಗದಕೈ. ಓಟಿಪಿ ಸಿಗದಾಗ ಒಳಹೋಗಲು ಬೇಕಾಗುವ ರಿಕವರಿ ಕೋಡುಗಳು ಮುದ್ರಿತವಾಗಿ ಇಬ್ಬರ ಮನೆಯಲ್ಲಿ. ಮೂರು ತಿಂಗಳಿಗೊಮ್ಮೆ ಖಾಲಿ ಯಂತ್ರದ ಮೇಲೆ ಬ್ಯಾಕಪ್ ಮರುಸ್ಥಾಪನೆ, ಅದೂ ಬ್ಯಾಕಪ್ ಕಟ್ಟಿದವನು ಕೀಬೋರ್ಡ್ ಮುಟ್ಟದೆ, ಬರೆದಿಟ್ಟ ಟಿಪ್ಪಣಿ ನೋಡಿಕೊಂಡು ಬೇರೊಬ್ಬರು ಮಾಡಬೇಕು. (ಟಿಪ್ಪಣಿಯಲ್ಲಿ "ಉಳಿದದ್ದು ಎಂದಿನಂತೆ" ಎಂಬ ಸಾಲು ಇದ್ದೇ ಇರುತ್ತದೆ. ಎಡವುವುದೂ ಅಲ್ಲೇ.) ಇಷ್ಟು ಕೇಳಿದ ಹಿರಿಯರೊಬ್ಬರು ನೊಂದುಕೊಂಡು, "ಅಂದರೆ ನಮ್ಮ ಹುಡುಗನ ಮೇಲೆ ನಂಬಿಕೆ ಇಲ್ಲವೇ?" ಎನ್ನುತ್ತಾರೆ. ಪ್ರಸ್ತಾವ ಅಲ್ಲಿಗೆ ಮುಗಿಯಿತು. ಬಳಗ ಬಿಟ್ಟು ಹೋದವರ ಕೀಗಳನ್ನು ಅಳಿಸುವುದೂ ಅಸಭ್ಯವೆಂದು ತೀರ್ಮಾನವಾಗಿ, ಮುನಿಸಿಕೊಂಡು ಹೊರನಡೆದ ನಾಲ್ವರಿಗೆ ರೂಟ್ ಪ್ರವೇಶ ಅಬಾಧಿತ.

ಕೊನೆಗೆ ಡೊಮೇನಿನ ಗಡುವು ಮುಗಿದು ಹೆಸರು ರದ್ದಾಗುತ್ತದೆ. ಡಾಟ್ ಕಾಮ್ ಆದರೆ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ, ಆಮೇಲೆ 5 ದಿನದಲ್ಲಿ ಕೈಬಿಟ್ಟು ಹೋಗಿ ಯಾರು ಬೇಕಾದರೂ ಕೊಳ್ಳಬಹುದು. ನಿಯಮಾವಳಿ ಪ್ರಕಾರ ತುರ್ತು ಸಭೆಗೆ 21 ದಿನದ ನೋಟಿಸು ಕಡ್ಡಾಯ. ಸಂಚಾಲಕರು ನೋಟಿಸನ್ನು ಅದೇ ದಿನ, ಎಲ್ಲ ಸದಸ್ಯರ ಅಧಿಕೃತ ವಿಳಾಸಕ್ಕೆ, ಅದೇ ಡೊಮೇನಿನ ಇಮೇಲಿಗೆ ಕಳಿಸಿದ್ದಾರೆ.