ನಡೆಯೋ ಮನುಷ್ಯಾಗ ಏನಾಗ್ತದ್ರಿ?

ಬೆಳಿಗ್ಗೆ ಆರಕ್ಕೆ ಉಣಕಲ್ ಕೆರೆ ದಂಡೆಯ ಮೇಲೆ ನಿಂತರೆ ಹುಬ್ಬಳ್ಳಿಯ ಅರ್ಧ ಆರೋಗ್ಯ ಕಣ್ಣ ಮುಂದೆಯೇ ಹಾದು ಹೋಗುತ್ತದೆ. ಬಿಳಿ ಬೂಟು, ಕುತ್ತಿಗೆಗೊಂದು ಟಾವೆಲ್ಲು, ಕೈಯಲ್ಲಿ ಹೆಜ್ಜೆ ಎಣಿಸುವ ವಾಚು. ಐವತ್ತರ ಆಸುಪಾಸಿನ ಒಬ್ಬರನ್ನು ತಡೆದು, "ಸರ, ವರ್ಷಕ್ಕೊಮ್ಮೆ ಚೆಕಪ್ ಮಾಡಸ್ತೀರೇನ್ರಿ?" ಅಂತ ಕೇಳಿ ನೋಡಿ. "ನಮಗ್ಯಾಕ್ರಿ ಅದು? ನಡೆಯೋ ಮನುಷ್ಯಾಗ ಏನಾಗ್ತದ? ಜಡ್ಡ ಬಂದವ್ರು ಹೋಗ್ಲಿ ದವಾಖಾನಿಗೆ" ಎಂಬ ಉತ್ತರ ನಿಲ್ಲದೆಯೇ ಬರುತ್ತದೆ. ಧಾರವಾಡದ ಕೆಲಗೇರಿ ಕೆರೆಯ ಹತ್ತಿರ ಕೇಳಿದರೂ ಉತ್ತರ ಅದೇ. ಭಾಷೆ ಸ್ವಲ್ಪ ಸಾಹಿತ್ಯಿಕ ಇರಬಹುದು, ಅಷ್ಟೇ.

ಪೇಚು ಏನೆಂದರೆ ಬಿಪಿ ನೋಯುವುದಿಲ್ಲ, ಸಕ್ಕರೆ ಚುಚ್ಚುವುದಿಲ್ಲ, ಕೊಲೆಸ್ಟ್ರಾಲ್ ತುರಿಸುವುದಿಲ್ಲ. ಮೂರೂ ವರ್ಷಗಟ್ಟಲೆ ಸುಮ್ಮನೆ ಒಳಗಿದ್ದು ತಮ್ಮ ಕೆಲಸ ಮಾಡಿಕೊಂಡಿರುತ್ತವೆ. "ಆರಾಮ ಅದೇನ್ರಿ" ಎನ್ನುವುದು ಒಂದು ಅನಿಸಿಕೆ. ಅದರಲ್ಲಿ ಮಿಲಿಗ್ರಾಂ ಲೆಕ್ಕ ಇರುವುದಿಲ್ಲ.

ನಡೆದದ್ದಕ್ಕೆ ಬೆಲೆ ಇಲ್ಲವೇ? ಇದೆ. ಎಷ್ಟಿದೆ ಎಂಬುದಕ್ಕೂ ಲೆಕ್ಕವಿದೆ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನವರು 2005ರಲ್ಲಿ ಸಕ್ಕರೆ ಕಾಯಿಲೆಯ ಅಪಾಯ ಅಳೆಯಲು ಭಾರತೀಯರಿಗೆಂದೇ ಒಂದು ಅಂಕಪಟ್ಟಿ ಮಾಡಿದರು. ಸೂಜಿ ಬೇಡ, ಟೇಪು ಒಂದಿದ್ದರೆ ಸಾಕು. ವಯಸ್ಸು 35ರಿಂದ 49 ಇದ್ದರೆ 20 ಅಂಕ, 50 ದಾಟಿದರೆ 30. ಗಂಡಸರ ಸೊಂಟ 90 ಸೆಂಟಿಮೀಟರ್ ಮುಟ್ಟಿದರೆ 10, 100 ಮುಟ್ಟಿದರೆ 20. ಹೆಂಗಸರಿಗೆ ಇದೇ ಅಂಕ 80ಕ್ಕೆ ಮತ್ತು 90ಕ್ಕೆ. ತಂದೆ ತಾಯಿಯಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇದ್ದರೆ 10, ಇಬ್ಬರಿಗೂ ಇದ್ದರೆ 20. ವ್ಯಾಯಾಮವೂ ಇಲ್ಲ, ಕೆಲಸವೂ ಕುರ್ಚಿಯಲ್ಲಿ ಅಂದರೆ 30. ವ್ಯಾಯಾಮ ಮಾಡಿ ಆಮೇಲೆ ಕುರ್ಚಿಯಲ್ಲಿ ಕೂರುವವರಿಗೆ 20. ದಿನವಿಡೀ ಮೈ ಬಗ್ಗಿಸಿ ದುಡಿದು ಮೇಲೆ ವ್ಯಾಯಾಮವನ್ನೂ ಮಾಡುವವರಿಗೆ ಮಾತ್ರ ಸೊನ್ನೆ. ಒಟ್ಟು 60 ಮುಟ್ಟಿದರೆ ಅಪಾಯ ಹೆಚ್ಚು ಎಂದರ್ಥ. ಈಗ ನಮ್ಮ ಬಿಳಿ ಬೂಟಿನವರನ್ನು ಕೂರಿಸಿ ಕೂಡಿಸೋಣ. ವಯಸ್ಸು 52, ಸೊಂಟ 96, ಅವ್ವನಿಗೆ ಸಕ್ಕರೆ, ಕೆಲಸ ಬ್ಯಾಂಕಿನಲ್ಲಿ: 30, 10, 10, 20. ಒಟ್ಟು 70. ದಿನಾ ಕೆರೆ ಸುತ್ತಿದ್ದಕ್ಕೆ ಸಿಕ್ಕ ರಿಯಾಯಿತಿ 10. ಉಳಿದದ್ದು ವಯಸ್ಸಿನ ಬಾಕಿ ಮತ್ತು ಮನೆತನದ ಆಸ್ತಿ.

"ನನ್ನ ಸೊಂಟ 96 ಎಲ್ಲೈತ್ರಿ? ಪ್ಯಾಂಟು ಮೂವತ್ನಾಕು!" ಎಂಬ ತಕರಾರು ಇಲ್ಲಿ ಬರಲೇಬೇಕು. ಮೂವತ್ತನಾಲ್ಕು ಇಂಚು ಎಂದರೆ 86 ಸೆಂಟಿಮೀಟರ್. ಆದರೆ ಪ್ಯಾಂಟು ಹೊಟ್ಟೆಯ ಕೆಳಗೆ ಕಟ್ಟಿರುತ್ತದೆ, ಹೊಟ್ಟೆ ಅದರ ಮೇಲೆ ಸ್ವತಂತ್ರವಾಗಿರುತ್ತದೆ. ಟೇಪು ಹಿಡಿಯಬೇಕಾದದ್ದು ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲಂಚಿಗೂ ನಟ್ಟ ನಡುವೆ, ಬರಿ ಮೈಮೇಲೆ, ಉಸಿರು ಸಹಜವಾಗಿ ಬಿಟ್ಟಾಗ. ಹೊಟ್ಟೆ ಒಳಗೆಳೆದು ನಿಂತರೆ ಟೇಪಿಗೆ ಮೋಸ ಆಗುತ್ತದೆ, ಇನ್ಸುಲಿನ್ ಮಾಡುವ ಮೇದೋಜೀರಕಕ್ಕೆ ಆಗುವುದಿಲ್ಲ.

ಅಂತೂ ಮನೆಯವರ ಕಾಟಕ್ಕೆ ಚೆಕಪ್ಪಿಗೆ ಒಪ್ಪಿದರು ಅನ್ನಿ. ಲ್ಯಾಬಿನವರು "ನಾಳಿ ಮುಂಜಾನೆ ಉಪಾಸ ಬರ್ರಿ" ಎಂದು ಹೇಳಿ ಫೋನು ಇಡುತ್ತಾರೆ. ಕಾಕೂ ಏಕಾದಶಿಯ ಲೆಕ್ಕದಲ್ಲಿ ಸಾಬೂದಾಣಿ ಖಿಚಡಿ, ಮೇಲೊಂದು ಬಾಳೆಹಣ್ಣು ಮುಗಿಸಿ ಬಂದು, "ಅನ್ನ ಮುಟ್ಟಿಲ್ರಿ" ಎನ್ನುತ್ತಾರೆ. ಕಾಕಾ ಅದಕ್ಕಿಂತ ನಿಷ್ಠರು, ಹನಿ ನೀರೂ ಕುಡಿದಿಲ್ಲ. ನರ ಎಲ್ಲೋ ಒಳಗೆ ಅಡಗಿ ಕೂತಿದೆ, ರಕ್ತ ತೆಗೆಯುವ ಹುಡುಗಿ ಎರಡೂ ಕೈ ತಟ್ಟಿ ತಟ್ಟಿ ಹುಡುಕುತ್ತಾಳೆ. ನಿಯಮ ಸರಳ: ಸಕ್ಕರೆಗೆ ಕನಿಷ್ಠ 8 ತಾಸು, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬನ್ನೂ ನೋಡುವುದಿದ್ದರೆ 10ರಿಂದ 12 ತಾಸು ಏನೂ ತಿನ್ನಬಾರದು. ಬರೇ ನೀರು ಧಾರಾಳ. "ಸಕ್ಕರಿ ಇಲ್ಲದ ಚಹಾ" ನೀರಲ್ಲ. ಹಿಂದಿನ ರಾತ್ರಿ ಮದುವೆ ಮನೆಯಲ್ಲಿ ಹೋಳಿಗೆ ಮೇಲೆ ತುಪ್ಪ ಸುರಿಸಿಕೊಂಡಿದ್ದರೆ, ಅಥವಾ ಗೆಳೆಯರ ಜೊತೆ ಗ್ಲಾಸು ಎತ್ತಿದ್ದರೆ, ಟ್ರೈಗ್ಲಿಸರೈಡ್ ಅದನ್ನು ಮರುದಿನ ಮನೆಯವರ ಎದುರೇ ಒದರುತ್ತದೆ. ದಿನದ ಗುಳಿಗೆಗಳಲ್ಲಿ ಯಾವುದನ್ನು ನುಂಗಬೇಕು, ಯಾವುದನ್ನು ತಡೆಯಬೇಕು ಎಂದು ಡಾಕ್ಟರನ್ನು ಮೊದಲೇ ಕೇಳಿಡಿ. ಸಕ್ಕರೆ ಗುಳಿಗೆ ನುಂಗಿ ಹಸಿದು ಕೂತರೆ ಸಾಲಿನಲ್ಲೇ ತಲೆ ತಿರುಗೀತು. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಗುಳಿಗೆ ತಿನ್ನುವವರು ಅದನ್ನೂ ಹೇಳಿರಿ. ಅದು ಥೈರಾಯ್ಡ್ ವರದಿಯನ್ನು ಏರುಪೇರು ಮಾಡುತ್ತದೆ.

ಚಟುವಟಿಕೆಯ ಜನರಿಗೆಂದೇ ಮೀಸಲಾದ ಅವಘಡ ಬೇರೆ ಇದೆ. ಹೇಗೂ ಬೇಗ ಎದ್ದಾಗಿದೆ ಎಂದು ನೃಪತುಂಗ ಬೆಟ್ಟ ಓಡಿ ಹತ್ತಿ, ಬೆವರು ಒರೆಸಿಕೊಳ್ಳುತ್ತ ನೇರ ಲ್ಯಾಬಿಗೆ ಬರುವುದು. ಕಠಿಣ ವ್ಯಾಯಾಮ ಮಾಡಿದಾಗ ಸ್ನಾಯುಗಳಿಂದ ಸಿಪಿಕೆ ಮತ್ತು ಲಿವರ್ ಪರೀಕ್ಷೆಯಲ್ಲೂ ನೋಡುವ ಎಎಸ್‌ಟಿ ಎಂಬ ಕಿಣ್ವಗಳು ರಕ್ತಕ್ಕೆ ಬರುತ್ತವೆ. ಕಿಡ್ನಿಯ ಲೆಕ್ಕ ಹೇಳುವ ಕ್ರಿಯಾಟಿನಿನ್ ಸ್ವಲ್ಪ ಏರಬಹುದು, ಮೂತ್ರದಲ್ಲಿ ಪ್ರೋಟೀನು, ಕೆಲವೊಮ್ಮೆ ರಕ್ತದ ಕಣವೂ ಕಾಣಬಹುದು. ವರದಿ ನೋಡಿದವರಿಗೆ ಲಿವರೂ ಕಿಡ್ನಿಯೂ ಕೂಡಿಯೇ ಮುಷ್ಕರ ಹೂಡಿವೆ ಅನಿಸುತ್ತದೆ. ಆದ್ದರಿಂದ ಎರಡು ದಿನ ಮೊದಲಿನಿಂದ ಓಟ, ಜಿಮ್ಮು, ಬ್ಯಾಡ್ಮಿಂಟನ್ ಬಂದ್. ಸೈಕಲ್ ಹೊಡೆಯುವ ಗಂಡಸರು ಪ್ರಾಸ್ಟೇಟ್ ಗ್ರಂಥಿಯ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸುವುದಿದ್ದರೆ ಆ ಎರಡು ದಿನ ಸೈಕಲ್ಲನ್ನೂ ಬಿಡಬೇಕು. ಸೀಟಿನ ಒತ್ತಡಕ್ಕೂ ಅದು ಏರಬಹುದು.

ಇನ್ನು ಬಿಪಿ. ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಹೆಚ್ಚು ಕೆಡಿಸುವ ಪರೀಕ್ಷೆ ಇದು. ನಡೆಯುವುದು ಹೀಗೆ: ಸಾಹೇಬರು ಲಿಫ್ಟ್ ಬಿಟ್ಟು ಮೂರು ಮಹಡಿ ಹತ್ತಿ ಬರುತ್ತಾರೆ, ಕೆಳಗೆ ಚಹಾ ಆಗಿದೆ, ಮೂತ್ರಕ್ಕೆ ಹೋಗಬೇಕಿತ್ತು ಆದರೆ ನಂಬರು ಕೂಗಿಬಿಟ್ಟರು. ಎತ್ತರದ ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ತುಂಬು ತೋಳಿನ ಅಂಗಿಯ ಮೇಲೇ ಪಟ್ಟಿ ಕಟ್ಟಿಸಿಕೊಂಡು, ಗಾಳಿ ಏರುವಾಗಲೇ ನರ್ಸಮ್ಮನಿಗೆ ರಸ್ತೆ ಗುಂಡಿಗಳ ಬಗ್ಗೆ ಭಾಷಣ ಶುರು ಮಾಡುತ್ತಾರೆ. 158/96. "ಮಷಿನ್ ಕೆಟ್ಟೈತಿ!"

ಮಷಿನ್ ಕೆಟ್ಟಿಲ್ಲ. ಮಾತಾಡಿದರೆ ಏರುತ್ತದೆ, ಕಾಲು ಹೆಣೆದರೆ ಏರುತ್ತದೆ, ಮೂತ್ರಕೋಶ ತುಂಬಿದ್ದರೆ ಏರುತ್ತದೆ, ಕೈ ಜೋತು ಬಿದ್ದಿದ್ದರೂ ಏರುತ್ತದೆ. ಅರ್ಧ ತಾಸು ಮೊದಲಿನಿಂದ ಚಹಾ, ತಂಬಾಕು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಎರಡೂ ಪಾದ ನೆಲಕ್ಕೂರಿ 5 ನಿಮಿಷ ಬಾಯಿ ಮುಚ್ಚಿ ಕೂರಬೇಕು. ನಮ್ಮ ಕಡೆಯವರಿಗೆ ಇದೇ ಅತಿ ಕಠಿಣ ಪರೀಕ್ಷೆ. ಬರಿ ತೋಳಿಗೆ ಪಟ್ಟಿ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಪಟ್ಟಿಯೊಳಗಿನ ರಬ್ಬರ್ ಚೀಲ ತೋಳಿನ ಸುತ್ತಳತೆಯ ಶೇಕಡಾ 80ರಷ್ಟನ್ನಾದರೂ ಸುತ್ತಬೇಕು. ಗರಡಿಯಾಳಿನ ದಪ್ಪ ತೋಳಿಗೆ ಸಣ್ಣ ಪಟ್ಟಿ ಬಿಗಿದರೆ ಇಲ್ಲದ ಬಿಪಿ ತೋರಿಸುತ್ತದೆ. ಮೊದಲ ಸಲ ಎರಡೂ ತೋಳು ನೋಡಿಸಿ, ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಿಸಿ. ಇಷ್ಟಾದ ಮೇಲೂ ಬೇರೆ ಬೇರೆ ದಿನ 140/90 ಅಥವಾ ಮೇಲೆ ಬಂದರೆ ಅದು ಬಿಪಿಯೇ. ಬಿಳಿ ಕೋಟು ಕಂಡರೆ ಮಾತ್ರ ಏರುವವರು ಮನೆಯಲ್ಲಿ ಒಂದು ವಾರ ಮುಂಜಾನೆ ಸಂಜೆ ಬರೆದಿಡಿ. ಅಲ್ಲಿ ಗಡಿ 135/85. ಇದಕ್ಕೆ ಉಲ್ಟಾ ಜನರೂ ಇದ್ದಾರೆ, ದವಾಖಾನೆಯಲ್ಲಿ ಸಾಧು, ಮನೆಯಲ್ಲಿ 150. ಅವರೇ ಹೆಚ್ಚು ಅಪಾಯದವರು.

ಊಟದ ನಂತರದ ಸಕ್ಕರೆಗೆ ಬರೋಣ. ಗಡಿಯಾರ ಶುರುವಾಗುವುದು ಮೊದಲ ತುತ್ತಿನಿಂದ, ಕೈ ತೊಳೆದ ಮೇಲೆ ಅಲ್ಲ. ಅಲ್ಲಿಂದ ಸರಿಯಾಗಿ 2 ತಾಸಿಗೆ ರಕ್ತ ಕೊಡಬೇಕು. ಕೆಲವರು ಹೊರಗೆ ಹೋಗಿ ಗಿರಮಿಟ್ಟು, ಮಿರ್ಚಿ, ಮೇಲೆ ಲೈನ್ ಬಜಾರಿನ ಪೇಢೆ ಹೊಡೆದು ಬರುತ್ತಾರೆ. ಕೆಲವರು ನಂಬರು ಚಂದ ಬರಲಿ ಎಂದು ಒಂದೇ ಇಡ್ಲಿ ತಿಂದು ಕೂರುತ್ತಾರೆ. ಇಬ್ಬರ ವರದಿಯೂ ಉಪಯೋಗಕ್ಕಿಲ್ಲ. ದಿನಾ ಉಣ್ಣುವುದನ್ನೇ ಉಣ್ಣಿ. ಹಾಗಲಕಾಯಿ ರಸವನ್ನು ಮೂರು ದಿನ ಕುಡಿದು ಪಾಸಾಗುತ್ತೇನೆ ಎಂಬುವರಿಗಾಗಿಯೇ ಎಚ್‌ಬಿಎ1ಸಿ ಇದೆ. ಅದು ಹಿಂದಿನ ಎರಡು ಮೂರು ತಿಂಗಳ ಒಟ್ಟು ಲೆಕ್ಕ ತೆಗೆಯುತ್ತದೆ, ಉಪವಾಸವೂ ಬೇಡ. 5.7ರ ಕೆಳಗೆ ಸರಿ, 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಆದರೆ ಒಳಗೆ ಕಾಲಿಟ್ಟಂತೆ. ಖಾಲಿ ಹೊಟ್ಟೆಯ ಸಕ್ಕರೆಗೆ ಅದೇ ಗಡಿಗಳು 100 ಮತ್ತು 126. ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ದಾರಿ ತಪ್ಪಿಸಬಹುದು, ಹಿಮೋಗ್ಲೋಬಿನ್ ಜೊತೆಗೇ ನೋಡಿಸಿ.

ಮೂತ್ರ ಮಾತ್ರ ಲ್ಯಾಬಿನ ಡಬ್ಬಿಯಲ್ಲೇ ಇರಲಿ. ತೊಳೆದ ಜೇನಿನ ಬಾಟಲಿಯಲ್ಲಿ ತಂದರೆ ಇಲ್ಲದ ಸಕ್ಕರೆ ಕಂಡೀತು. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಿರಿ.

ಹೊಟ್ಟೆ ಸ್ಕ್ಯಾನಿಂಗಿನ ಸಾಲು ಒಂದು ದೊಡ್ಡ ನಾಟಕ. ಪಿತ್ತಕೋಶ ಕಾಣಲು ಹೊಟ್ಟೆ ಖಾಲಿ ಇರಬೇಕು, ಕೆಳಹೊಟ್ಟೆ ಕಾಣಲು ಮೂತ್ರಕೋಶ ತುಂಬಿರಬೇಕು. ನಾಲ್ಕೈದು ಗ್ಲಾಸು ನೀರು ಕುಡಿದು ಒಂದು ತಾಸು ತಡೆದ ಮೇಲೆ ಗೊತ್ತಾಗುವುದು, ನಮ್ಮ ಮುಂದೆ ಇನ್ನೂ ಹತ್ತು ಜನ ಇದ್ದಾರೆ. ಒಬ್ಬರು ತಡೆಯಲಾರದೆ ಎದ್ದು ಹೋಗಿ ಹಗುರಾಗಿ ಬರುತ್ತಾರೆ, ಆ ಕ್ಷಣವೇ ಅವರ ಹೆಸರು ಕೂಗುತ್ತಾರೆ, ಮತ್ತೆ ಮೊದಲಿನಿಂದ ನೀರು. ನಂಬರು ಎಷ್ಟು ಎಂದು ಕೇಳಿಕೊಂಡು ಆಮೇಲೆ ಗ್ಲಾಸು ಎತ್ತುವುದು ಜಾಣತನ.

ಇಷ್ಟರಲ್ಲಿ ಕೌಂಟರಿನವರು "ಎಪ್ಪತ್ತೆಂಟು ಟೆಸ್ಟಿನ ಪ್ಯಾಕೇಜ್ ಐತ್ರಿ" ಎನ್ನುತ್ತಾರೆ. ಎಣಿಕೆಯ ಗುಟ್ಟು ಇಷ್ಟೇ: ಒಂದು ರಕ್ತಕಣ ಎಣಿಕೆಯಲ್ಲೇ ಇಪ್ಪತ್ತರ ಹತ್ತಿರ ಸಾಲು ಬರುತ್ತದೆ, ಪ್ರತಿ ಸಾಲೂ ಅವರಿಗೆ ಒಂದು ಟೆಸ್ಟು. ಇನ್ನೊಂದು ಮಾತು. ವರದಿಯ "ನಾರ್ಮಲ್" ಗಡಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ಶೇಕಡಾ 95 ಮಂದಿ ಒಳಗೆ ಬರುವಂತೆ ಹಾಕಿರುತ್ತಾರೆ. ಅಂದರೆ ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದ ಗಟ್ಟಿಮುಟ್ಟು ಮನುಷ್ಯನಿಗೂ ಗಡಿ ದಾಟಿದೆ ಎಂದು ಒಂದಾದರೂ ದಪ್ಪ ಅಕ್ಷರ ಬೀಳುವ ಸಾಧ್ಯತೆ ಸುಮಾರು ಶೇಕಡಾ 64. ಪ್ಯಾಕೇಜಿನಲ್ಲಿ ಸೇರಿಸಿರುವ ಸಿಇಎ, ಸಿಎ 125ರಂಥ ಕ್ಯಾನ್ಸರ್ ಗುರುತುಗಳು ಲಕ್ಷಣವಿಲ್ಲದವರ ತಪಾಸಣೆಗೆ ತಕ್ಕವಲ್ಲ, ನಿದ್ದೆ ಕೆಡಿಸಲು ತಕ್ಕವು. ಬಿಪಿ, ಸೊಂಟ, ಸಕ್ಕರೆ, ಕೊಲೆಸ್ಟ್ರಾಲ್, ಕ್ರಿಯಾಟಿನಿನ್, ಮೂತ್ರ, ನಲವತ್ತಾದ ಮೇಲೆ ಕಣ್ಣಿನ ಒತ್ತಡ: ನಮ್ಮ ದೃಷ್ಟಿಯಲ್ಲಿ ಶುರುವಾತಿಗೆ ಇಷ್ಟು ಸಾಕು. ಕಣ್ಣಿಗೆ ಹನಿ ಹಾಕಿದರೆ ಕೆಲವು ತಾಸು ಎದುರಿನದೆಲ್ಲ ಮಬ್ಬು. ಸ್ಕೂಟರು ಮನೆಯಲ್ಲಿ ಬಿಟ್ಟು ಚಿಗರಿ ಬಸ್ಸಿನಲ್ಲಿ ಹೋಗಿ.

ಬಾಯಿಯನ್ನು ಮಾತ್ರ ಯಾವ ಪ್ಯಾಕೇಜೂ ತೆರೆಸುವುದಿಲ್ಲ, ನಮ್ಮ ಭಾಗದಲ್ಲಿ ಮೊದಲು ತೆರೆಸಬೇಕಾದದ್ದೇ ಅದು. "ಚಟ ಇಲ್ರಿ, ಊಟಾದ ಮ್ಯಾಲೆ ಒಂದ ಸ್ವಲ್ಪ ಎಲಿ-ಅಡಿಕಿ, ತಂಬಾಕ" ಎನ್ನುವವರು ಕನ್ನಡಿಯ ಮುಂದೆ ಮೂರು ಬೆರಳನ್ನು ಒಂದರ ಮೇಲೊಂದರಂತೆ ಹಲ್ಲುಗಳ ನಡುವೆ ಇಟ್ಟು ನೋಡಲಿ. ಹಿಡಿಸದಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಎರಡು ವಾರವಾದರೂ ಹುಣ್ಣು ಮಾಯದಿದ್ದರೆ ತೋರಿಸಬೇಕು. ಸರಕಾರಿ ಆಯುಷ್ಮಾನ್ ಆರೋಗ್ಯ ಮಂದಿರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ಬಿಪಿ, ಸಕ್ಕರೆ, ಬಾಯಿ, ಹೆಂಗಸರಿಗೆ ಸ್ತನ ಮತ್ತು ಗರ್ಭಕೊರಳಿನ ತಪಾಸಣೆ ಪುಕ್ಕಟೆ ಇದೆ. ಯಜಮಾನರ ಫೈಲು ಹಿಡಿದು ಸಾಲಿನಲ್ಲಿ ನಿಲ್ಲುವ ಅಕ್ಕಾರು ತಮ್ಮ ಹೆಸರು ಬರೆಸುವುದಿಲ್ಲ, "ನನಗೇನಾಗೇತಿ, ಇವರದಷ್ಟ ನೋಡ್ರಿ" ಎನ್ನುತ್ತಾರೆ. ಗರ್ಭಕೊರಳಿಗೆ ತಿಳಿ ಅಸಿಟಿಕ್ ಆಸಿಡ್ ಹಚ್ಚಿ ಒಂದು ನಿಮಿಷ ಕಾದು ಬಿಳಿ ಕಲೆ ಏಳುತ್ತದೆಯೇ ನೋಡುತ್ತಾರೆ, ಅರವಳಿಕೆಯೂ ಬೇಡ. ಮ್ಯಾಮೋಗ್ರಾಂ ಇದ್ದರೆ ಆ ದಿನ ಕಂಕುಳಿಗೆ ಪೌಡರ್ ಬೇಡ. ಅದರ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕೆಯಂತೆ ಕಂಡು ಗಾಬರಿ ಎಬ್ಬಿಸುತ್ತವೆ.

ಕೊನೆಗೆ ಇಸಿಜಿ. ಮಲಗಿ ತೆಗೆದದ್ದು ಸರಿ ಬಂದರೆ "ಹಾರ್ಟ್ ಪಾಸ್" ಎಂದು ಕೆರೆ ದಂಡೆಯ ಕಟ್ಟೆಯ ಮೇಲೆ ಸಾರಬೇಡಿ. ಅದು ಆ ಕೆಲವು ಸೆಕೆಂಡಿನ ದಾಖಲೆ, ರಕ್ತನಾಳದ ಅಡ್ಡಿ ಅದರಲ್ಲಿ ಕಾಣದೇ ಇರಬಹುದು. ನಡೆಯುವಾಗ ಎದೆ ಬಿಗಿತ, ದವಡೆ ಅಥವಾ ಎಡಗೈ ಸೆಳೆತ, ಮೊದಲು ಇಲ್ಲದ ದಮ್ಮು ಬಂದರೆ ಕೈಯಲ್ಲಿ ಹಳೆಯ ಇಸಿಜಿ ಇದೆ ಎಂದು ಸುತ್ತು ಪೂರೈಸಬೇಡಿ, ನಿಂತು ದವಾಖಾನೆಗೆ ಹೋಗಿ. ಆದರೂ ಆ ಕಾಗದವನ್ನು ಇಡಲೇಬೇಕು, ಮುಂದಿನದರ ಜೊತೆ ಹೋಲಿಸಲು ಬೇಕಾಗುತ್ತದೆ. ಅತಿ ಜೋಪಾನದವರು ಅದನ್ನು ಅಂಗಡಿಗೆ ಒಯ್ದು ಲ್ಯಾಮಿನೇಶನ್ ಮಾಡಿಸುತ್ತಾರೆ. ಇಸಿಜಿ ಕಾಗದ ಬಹುಪಾಲು ಬಿಸಿಗೆ ಬಣ್ಣ ತಿರುಗುವ ಥರ್ಮಲ್ ಕಾಗದ, ಒಂದು ಕಡೆ ಹೃದಯದ ಗೆರೆಗಳೊಂದಿಗೆ ಒಳಹೋದದ್ದು ಇನ್ನೊಂದು ಕಡೆ ಕಪ್ಪು ಹಾಳೆಯಾಗಿ ಹೊರಬರುತ್ತದೆ. ಇಟ್ಟರೂ ಗೆರೆ ಕಾಲಕ್ರಮೇಣ ಮಾಸುತ್ತದೆ. ತಂದ ದಿನವೇ ಒಂದು ಝೆರಾಕ್ಸ್ ತೆಗೆಸಿ, ಮೊಬೈಲಿನಲ್ಲಿ ಒಂದು ಫೋಟೋ ಹೊಡೆದು, ಮೇಲೆ ತಾರೀಖು ಬರೆದಿಡಿ.